ಪೈಲ್ ಸುರಂಗಕ್ಕೆ ತಾಗುವುದೇ ಇಲ್ಲ, ಮತ್ತೆ ತೊಂದರೆ ಏನು?

ಬೆಂಗಳೂರಿನಲ್ಲಿ ಸುರಂಗದ ಮಾತು ಬಂದರೆ ಎಲ್ಲರ ಭಯವೂ ಒಂದೇ. ಕೆಳಗೆ ಯಂತ್ರ ಕೊರೆಯುತ್ತಾ ಹೋದರೆ ಮೇಲಿರುವ ನಮ್ಮ ಮನೆ ಏನಾಗುತ್ತೆ? ಈ ಭಯ ಸುಳ್ಳಲ್ಲ. 2019ರ ಆಗಸ್ಟ್ ಕೊನೆಯಲ್ಲಿ ಕೋಲ್ಕತ್ತಾದ ಬೌಬಜಾರ್‌ನಲ್ಲಿ ಮೆಟ್ರೊ ಯಂತ್ರಕ್ಕೆ ನೀರಿನ ಸೆಲೆ ಸಿಕ್ಕಿ ಮೇಲಿನ ಹಳೆಯ ಮನೆಗಳು ಕುಸಿದವು. 2023ರ ಜನವರಿಯಲ್ಲಿ ನಮ್ಮ ಬ್ರಿಗೇಡ್ ರಸ್ತೆಯಲ್ಲೇ ಗುಂಡಿ ಬಿತ್ತು. ಆಗ ಕೆಳಗೆ ಮೆಟ್ರೊ ಸುರಂಗದ ಕೆಲಸ ನಡೆದಿತ್ತು.

ಆದರೆ ಸುರಂಗ ಕೊರೆಯುವುದು ಕೆಲವೇ ವರ್ಷಗಳ ಕೆಲಸ. ಕೊರೆದ ಮೇಲೆ ಅದು ಸುಮಾರು ನೂರು ವರ್ಷ ಅಲ್ಲೇ ಇರಬೇಕು. ಆ ನೂರು ವರ್ಷದಲ್ಲಿ ಪ್ರಶ್ನೆ ತಿರುಗುಮುರುಗಾಗುತ್ತದೆ. ಮೇಲೆ ನಾವು ಕಟ್ಟುವುದರಿಂದ ಕೆಳಗಿನ ಸುರಂಗಕ್ಕೆ ಏನಾಗುತ್ತೆ?

ಈಗ ಹಲವರಿಗೆ ಗೊಂದಲ ಹುಟ್ಟಿಸಿರುವುದು ಈ ಎರಡನೇ ಪ್ರಶ್ನೆಯೇ. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಮೆಟ್ರೊದ ಗುಲಾಬಿ ಮಾರ್ಗದಲ್ಲಿ ಡೇರಿ ಸರ್ಕಲ್‌ನಿಂದ ಆಚೆಗೆ 13 ಕಿಲೋಮೀಟರ್‌ಗೂ ಜಾಸ್ತಿ ದೂರ ನೆಲದಡಿ ಇದೆ. 2024ರ ಅಕ್ಟೋಬರ್‌ನಲ್ಲಿ ಕೊನೆಯ ಯಂತ್ರ ‘ಭದ್ರಾ’ ನಾಗವಾರದಲ್ಲಿ ಹೊರಬಂತು. ಅಲ್ಲಿಗೆ ಕೊರೆಯುವ ಕೆಲಸ ಮುಗಿಯಿತು. ಅದರ ಬೆನ್ನಿಗೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಕಾರು ಓಡುವ ಸುರಂಗ ರಸ್ತೆಯ ಯೋಜನೆಯ ಜಗಳ ಜೋರಾಯಿತು. ದಾರಿಯುದ್ದಕ್ಕೂ ಸೈಟು, ಕಟ್ಟಡ ಇರುವವರು ಕೇಳುವುದು ಇಷ್ಟೇ: ‘ಸುರಂಗ ಇರುವುದು ರಸ್ತೆಯ ಕೆಳಗೆ. ನಮ್ಮ ಪೈಲ್ (ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಂಬ) ನಮ್ಮ ಸೈಟಿನೊಳಗೆ. ಒಂದಕ್ಕೊಂದು ತಾಗೋದೇ ಇಲ್ಲ. ಮತ್ತೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಏಕೆ, ಅಷ್ಟೊಂದು ಷರತ್ತು ಏಕೆ?’

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಪ್ರಶ್ನೆಯಲ್ಲಿ ಮಣ್ಣನ್ನು ಮರೆತಿದ್ದಾರೆ. ಪೈಲ್‌ಗೂ ಸುರಂಗಕ್ಕೂ ನಡುವೆ ಇರುವುದು ಖಾಲಿ ಜಾಗ ಅಲ್ಲ, ಮಣ್ಣು. ಒಂದು ಕಡೆ ಒತ್ತಿದರೆ ಅದು ಇನ್ನೊಂದು ಕಡೆ ಸರಿಯುತ್ತದೆ.

ನೆಲದಡಿಯ ಬಳೆಗಳು

ಮೆಟ್ರೊ ಸುರಂಗ ಎಂದರೆ ಒಂದೇ ಎರಕದ ಗಟ್ಟಿ ಕೊಳವೆ ಎಂದು ಅಂದುಕೊಳ್ಳುವವರು ಜಾಸ್ತಿ. ಹಾಗಿಲ್ಲ. ಬಾವಿಗೆ ಇಳಿಸುವ ಸಿಮೆಂಟ್ ರಿಂಗುಗಳನ್ನು ನೆನಪಿಸಿಕೊಳ್ಳಿ. ಅವನ್ನು ಅಡ್ಡ ಮಲಗಿಸಿ ಒಂದರ ಪಕ್ಕ ಒಂದು ಜೋಡಿಸಿದಂತೆ ಸುರಂಗ ಇರುತ್ತದೆ. ಒಂದೊಂದು ರಿಂಗೂ ಸುಮಾರು ಒಂದೂವರೆ ಮೀಟರ್ ಅಗಲ. ಆ ರಿಂಗ್ ಕೂಡ ಇಡಿಯಲ್ಲ. ಐದಾರು ಬಾಗಿದ ಕಾಂಕ್ರೀಟ್ ತುಂಡುಗಳನ್ನು ಬೋಲ್ಟ್ ಹಾಕಿ ಸೇರಿಸಿರುತ್ತಾರೆ. ತುಂಡುಗಳ ನಡುವೆ ನೀರು ಒಳಬರದಂತೆ ರಬ್ಬರ್ ಪಟ್ಟಿ ಇರುತ್ತದೆ.

ಮೊದಲ ಹಂತದ ನಮ್ಮ ಮೆಟ್ರೊ ಸುರಂಗದ ಒಳವ್ಯಾಸ ಸುಮಾರು 5.6 ಮೀಟರ್. ಗೋಡೆಯ ದಪ್ಪ ಒಂದು ಅಡಿಗಿಂತ ಸ್ವಲ್ಪ ಕಡಿಮೆ. ಅಷ್ಟು ತೆಳು ಗೋಡೆ ಮೇಲಿನ ಮಣ್ಣಿನ ಭಾರವನ್ನು ಹೇಗೆ ತಡೆಯುತ್ತದೆ? ಗುಟ್ಟು ಗೋಡೆಯ ದಪ್ಪದಲ್ಲಿಲ್ಲ, ಸುತ್ತಲಿನ ಒತ್ತಡದಲ್ಲಿದೆ. ಮಣ್ಣು ಎಲ್ಲ ಕಡೆಯಿಂದಲೂ ಹೆಚ್ಚುಕಮ್ಮಿ ಸಮನಾಗಿ ಒತ್ತುತ್ತಿದ್ದರೆ ರಿಂಗ್ ಇನ್ನಷ್ಟು ಬಿಗಿಯಾಗುತ್ತದೆ. ಮೇಲಿಂದ ಒತ್ತಡ ಹೆಚ್ಚಾಗಿ, ಪಕ್ಕದಲ್ಲಿ ಕಡಿಮೆಯಾದರೆ ರಿಂಗ್ ಚಪ್ಪಟೆಯಾಗತೊಡಗುತ್ತದೆ. ಬಳೆಯನ್ನು ಎರಡು ಬೆರಳಿನಲ್ಲಿ ಅದುಮಿದಂತೆ. ಕಾಂಕ್ರೀಟ್ ಒಡೆಯುವುದು ಆಮೇಲಿನ ಮಾತು. ಮೊದಲು ಸೇರಿಕೆಗಳು ಬಾಯಿ ಬಿಡುತ್ತವೆ, ನೀರು ಜಿನುಗುತ್ತದೆ, ಹಳಿಯ ಮಟ್ಟ ಕೂದಲೆಳೆಯಷ್ಟು ತಪ್ಪುತ್ತದೆ.

ಹೀಗಾಗಿ ಪಕ್ಕದ ಸೈಟಿನಲ್ಲಿ ನಡೆಯುವ ಯಾವುದೇ ಕೆಲಸಕ್ಕೆ ಕೇಳಬೇಕಾದ ಪ್ರಶ್ನೆ ‘ತಾಗುತ್ತಾ?’ ಎಂದಲ್ಲ. ‘ಸುತ್ತಲಿನ ಒತ್ತಡದ ಸಮತೋಲ ಕೆಡುತ್ತಾ?’ ಎಂದು.

ಕೊರೆಯುವಾಗ ಒಂದು ಕಥೆ, ಕಟ್ಟಿದ ಮೇಲೆ ಇನ್ನೊಂದು

ಪೈಲ್ ಇಳಿಸಲು ಎರಡು ದಾರಿ ಇದೆ. ಸಿದ್ಧ ಕಂಬವನ್ನು ಮೇಲಿಂದ ಬಡಿದು ಇಳಿಸುವುದು ಒಂದು. ನೆಲ ಕೊರೆದು, ಕಬ್ಬಿಣದ ಪಂಜರ ಇಟ್ಟು, ಕಾಂಕ್ರೀಟ್ ತುಂಬುವುದು ಇನ್ನೊಂದು. ಬೆಂಗಳೂರಿನಲ್ಲಿ ಎರಡನೆಯದೇ ಜಾಸ್ತಿ.

ಬಡಿದು ಇಳಿಸಿದಾಗ ಕಂಬ ತನ್ನಷ್ಟೇ ಮಣ್ಣನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಮಣ್ಣು ಸುರಂಗದ ಗೋಡೆಯನ್ನು ದೂಡುತ್ತದೆ. ಕೊರೆದಾಗ ಉಲ್ಟಾ. ಗುಂಡಿ ಖಾಲಿ ಇರುವಷ್ಟು ಹೊತ್ತು ಸುತ್ತಲಿನ ಮಣ್ಣು ಅದರ ಕಡೆಗೆ ಸಡಿಲಾಗುತ್ತದೆ, ಸುರಂಗವೂ ಅತ್ತ ವಾಲುತ್ತದೆ. ಒಂದು ಪೈಲ್‌ನಿಂದ ಆಗುವುದು ಮಿಲಿಮೀಟರಿನ ಚೂರುಪಾರು ಮಾತ್ರ. ಆದರೆ ದೊಡ್ಡ ಕಟ್ಟಡಕ್ಕೆ ಒಂದೇ ಪೈಲ್ ಇರುವುದಿಲ್ಲ, ನೂರಾರು ಇರುತ್ತವೆ. ಸುರಂಗದ ಪಕ್ಕದಲ್ಲಿ ಸಾಲಾಗಿ ಒಂದರ ಹಿಂದೊಂದು ಕೊರೆಯುತ್ತಾ ಹೋದರೆ ಆ ಚೂರುಗಳು ಸೇರಿಕೊಳ್ಳುತ್ತವೆ. ಅದಕ್ಕೇ ಸುರಂಗದ ಹತ್ತಿರ ಒಂದು ಬಿಟ್ಟು ಒಂದು ಪೈಲ್ ಕೊರೆಯುವುದು, ಗುಂಡಿಗೆ ಪೂರ್ತಿ ಆಳದವರೆಗೆ ಉಕ್ಕಿನ ಕೇಸಿಂಗ್ (ಮಣ್ಣು ಒಳಬೀಳದಂತೆ ತಡೆಯುವ ಕೊಳವೆ) ಹಾಕುವುದು, ಕೊರೆದ ದಿನವೇ ಕಾಂಕ್ರೀಟ್ ತುಂಬುವುದು ಮುಂತಾದ ನಿಯಮ ಹಾಕುತ್ತಾರೆ. ಬಿಲ್ಡರ್‌ಗೆ ಇದು ಸುಮ್ನೆ ಕಿರಿಕಿರಿ ಅನ್ನಿಸಬಹುದು. ಪ್ರತಿ ನಿಯಮದ ಹಿಂದೆಯೂ ಈ ಸಡಿಲಾಗುವ ಮಣ್ಣೇ ಇದೆ.

ಕಟ್ಟಡ ಏಳುತ್ತಾ ಹೋದಂತೆ ಎರಡನೇ ಕಥೆ ಶುರುವಾಗುತ್ತದೆ. ಪೈಲ್ ತನ್ನ ಮೇಲಿನ ಭಾರವನ್ನು ಎರಡು ಜಾಗದಲ್ಲಿ ಇಳಿಸುತ್ತದೆ. ಒಂದಿಷ್ಟು ತನ್ನ ಮೈಗುಂಟ, ಮಣ್ಣಿನೊಡನೆ ಉಜ್ಜಾಟದಲ್ಲಿ. ಉಳಿದದ್ದು ತುದಿಯಲ್ಲಿ. ಎಲ್ಲಿ ಭಾರ ಇಳಿಯುತ್ತದೋ ಅಲ್ಲಿನ ಮಣ್ಣು ಕುಗ್ಗುತ್ತದೆ, ಹತ್ತಿರ ಇರುವ ಸುರಂಗವನ್ನೂ ಜೊತೆಗೆ ಎಳೆಯುತ್ತದೆ.

ಆದ್ದರಿಂದ ಪೈಲ್ ಎಷ್ಟು ದೂರದಲ್ಲಿದೆ ಎನ್ನುವಷ್ಟೇ ಮುಖ್ಯವಾದದ್ದು ಅದರ ತುದಿ ಯಾವ ಮಟ್ಟದಲ್ಲಿದೆ ಎನ್ನುವುದು. ತುದಿ ಸುರಂಗದ ನೆತ್ತಿಯ ಸ್ವಲ್ಪ ಮೇಲೆ ನಿಂತರೆ ಭಾರವೆಲ್ಲ ನೇರ ನೆತ್ತಿಗೇ. ಸುರಂಗದ ಹೊಟ್ಟೆಯ ಮಟ್ಟದಲ್ಲಿ, ಪಕ್ಕದಲ್ಲೇ ನಿಂತರೆ ರಿಂಗ್ ಒಂದು ಕಡೆಯಿಂದ ಅದುಮಿದಂತಾಗುತ್ತದೆ. ಸುರಂಗಕ್ಕಿಂತ ಕೆಳಗೆ, ಬಂಡೆಯವರೆಗೆ ಇಳಿದಿದ್ದರೆ ಪರಿಣಾಮ ತುಂಬಾ ಕಡಿಮೆ. ಇಲ್ಲಿ ಒಂದು ವಿಚಿತ್ರ ಇದೆ. ಸುರಂಗದ ಪಕ್ಕ ಗಿಡ್ಡ ಪೈಲ್‌ಗಿಂತ ಉದ್ದ ಪೈಲ್ ಒಳ್ಳೆಯದು! ಮೈಗುಂಟ ಇಳಿಯುವ ಭಾರವನ್ನೂ ತಪ್ಪಿಸಲು ಸುರಂಗದ ಮಟ್ಟದವರೆಗೆ ಪೈಲ್‌ಗೆ ಎರಡು ಪದರದ ತೋಳು, ಅಂದರೆ ಕೊಳವೆಯಂಥ ಹೊದಿಕೆ, ತೊಡಿಸುತ್ತಾರೆ. ಮಣ್ಣಿಗೂ ಪೈಲ್‌ಗೂ ಸಂಬಂಧವೇ ಇಲ್ಲದಂತಾಗಿ, ಭಾರ ಪೂರ್ತಿ ಕೆಳಗಿನ ಬಂಡೆಗೆ ಹೋಗುತ್ತದೆ. ಖರ್ಚು ಮಾತ್ರ ಏರುತ್ತದೆ.

ತಾಗದೆ ಒಡೆದ ಗೋಡೆ

ಇದೆಲ್ಲ ಪುಸ್ತಕದ ಲೆಕ್ಕ ಅನ್ನಿಸಿದರೆ ಶಿಕಾಗೊ ನೋಡಿ. ಆ ಊರಿನ ನಡುಭಾಗದ ಕೆಳಗೆ, ಸುಮಾರು 40 ಅಡಿ ಆಳದಲ್ಲಿ, ಒಂದು ಕಾಲಕ್ಕೆ ಕಲ್ಲಿದ್ದಲು, ಸರಕು ಸಾಗಿಸುತ್ತಿದ್ದ ಪುಟ್ಟ ಸುರಂಗಗಳ ಜಾಲವಿದೆ. 1991ರ ಸೆಪ್ಟೆಂಬರ್‌ನಲ್ಲಿ ಕಿಂಜೀ ಬೀದಿಯ ಸೇತುವೆಯ ಹತ್ತಿರ ನದಿಯೊಳಗೆ ಹೊಸ ಕಂಬಗಳನ್ನು ಬಡಿದು ಇಳಿಸಿದರು. ಸೇತುವೆಗೆ ದೋಣಿ ಗುದ್ದದಂತೆ ಕಾಯುವ ಕಂಬಗಳು ಅವು. ಮೊದಲು ಗುರುತಿಸಿದ ಜಾಗಕ್ಕಿಂತ ಕೆಲವು ಅಡಿ ಸರಿಸಿ ಇಳಿಸಿದ್ದರು.

ಕಂಬ ಸುರಂಗವನ್ನು ತೂತು ಮಾಡಲಿಲ್ಲ. ಅದು ಪಕ್ಕಕ್ಕೆ ತಳ್ಳಿದ ಜೇಡಿಮಣ್ಣು ಸುರಂಗದ ಗೋಡೆಯನ್ನು ಒತ್ತಿ ಬಿರುಕು ಬಿಡಿಸಿತು. 1992ರ ಜನವರಿಯಲ್ಲಿ ಕೇಬಲ್ ಟಿವಿ ಕೆಲಸಕ್ಕೆ ಇಳಿದವರಿಗೆ ಕೆಸರು ಜಿನುಗುವುದು ಕಂಡಿತು, ವಿಡಿಯೊ ಕೂಡ ಮಾಡಿಕೊಂಡರು. ರಿಪೇರಿಗೆ ಸುಮಾರು 10,000 ಡಾಲರ್ ಬೇಕಿತ್ತು. ಅದು ಜಾಸ್ತಿಯಾಯಿತು ಎಂದು ಕಡತ ಅತ್ತಿಂದಿತ್ತ ಓಡಾಡಿತು. ಏಪ್ರಿಲ್ 13ರಂದು ಗೋಡೆ ಕಿತ್ತುಕೊಂಡು ನದಿಯೇ ಒಳಗೆ ನುಗ್ಗಿತು. ಸುರಂಗಕ್ಕೆ ಕೂಡಿಕೊಂಡಿದ್ದ ಬೇಸ್‌ಮೆಂಟ್‌ಗಳೆಲ್ಲ ತುಂಬಿದವು. ಒಳಹೋದ ನೀರು ಸುಮಾರು 95 ಕೋಟಿ ಲೀಟರ್ ಎಂದು ಅಂದಾಜು. ಊರಿನ ನಡುಭಾಗವನ್ನೇ ಖಾಲಿ ಮಾಡಿಸಬೇಕಾಯಿತು. ರಸ್ತೆಯ ಮೇಲೆ ಒಂದು ಹನಿ ನೀರಿಲ್ಲದ ಪ್ರವಾಹ ಅದು!

ಕಂಬ ಬಿದ್ದದ್ದಕ್ಕೂ ಗೋಡೆ ಒಡೆದದ್ದಕ್ಕೂ ನಡುವೆ ಏಳು ತಿಂಗಳಿತ್ತು. ಪೈಲಿಂಗ್ ಮುಗಿದ ದಿನ ಏನೂ ಆಗದಿದ್ದರೆ ಮುಂದೆಯೂ ಏನೂ ಆಗುವುದಿಲ್ಲ ಎಂದು ಹೇಳಲಾಗದು. ಜೇಡಿಮಣ್ಣು ನಿಧಾನದ ಪ್ರಾಣಿ.

ಲಂಡನ್ನಿನದು ಬೇರೆ ತರಹದ ತಪ್ಪು. 2013ರ ಮಾರ್ಚ್ 8ರ ಬೆಳಿಗ್ಗೆ ಓಲ್ಡ್ ಸ್ಟ್ರೀಟ್ ನಿಲ್ದಾಣದ ಆಚೆ, ಸುರಂಗದ ಮೇಲ್ಭಾಗದಿಂದ ನೀರು ಸುರಿಯುತ್ತಿದೆ ಎಂದು ರೈಲು ಚಾಲಕರೊಬ್ಬರು ತಿಳಿಸಿದರು. ಪ್ರಯಾಣಿಕರಿಲ್ಲದ ಇನ್ನೊಂದು ರೈಲನ್ನು ನಿಧಾನವಾಗಿ ಒಳಗೆ ಕಳಿಸಿ ನೋಡಿದರೆ, ಪೈಲ್ ಕೊರೆಯುವ ಎರಡು ದೊಡ್ಡ ಬೈರಿಗೆಗಳು ಗೋಡೆ ತೂರಿ ಹಳಿಗೆ ಅಡ್ಡ ಬಂದಿದ್ದವು. ಕೊರೆಯುತ್ತಿದ್ದ ಸೈಟು ಸುರಂಗದ ನೆತ್ತಿಯಿಂದ ಸುಮಾರು 13 ಮೀಟರ್ ಮೇಲಿತ್ತು. ಕೆಳಗೆ ರೈಲು ಓಡುತ್ತಿದೆ ಎಂದು ರಿಗ್ (ಕೊರೆಯುವ ಯಂತ್ರ) ನಡೆಸುವವರಿಗೆ ಗೊತ್ತಿರಲಿಲ್ಲ. ಕಟ್ಟಡದ ಮಾಲೀಕರಿಗೂ ಗೊತ್ತಿರಲಿಲ್ಲ. ಅನುಮತಿ ಕೊಟ್ಟ ಸ್ಥಳೀಯ ಆಡಳಿತಕ್ಕೂ ಗೊತ್ತಿರಲಿಲ್ಲ. ಅವರ ಬಳಿ ಇದ್ದ ಯಾವ ನಕ್ಷೆಯಲ್ಲೂ ಆ ಸುರಂಗ ಇರಲಿಲ್ಲ. ಅದು 1904ರಿಂದ ಬಳಕೆಯಲ್ಲಿರುವ ಮಾರ್ಗ. ಲಂಡನ್‌ನಂಥ ಊರಿನಲ್ಲಿ ನೂರು ವರ್ಷ ದಾಟಿದ ಸುರಂಗ ಕಾಗದದಿಂದಲೇ ಮಾಯವಾಗಬಹುದು ಎಂದರೆ, ನಮ್ಮಲ್ಲಿ ಯಾವ ಕಡತ ಎಲ್ಲಿದೆ ಎಂದು ಕೇಳುವುದು ಅತಿಯಾಗದು.

ಹೊರೆ ಇಳಿಸಿದರೂ ಕಷ್ಟ

ಚರ್ಚೆಯೆಲ್ಲ ಪೈಲ್ ಸುತ್ತಲೇ ಸುತ್ತುತ್ತದೆ. ನಿಜವಾಗಿ ಬೆಂಗಳೂರಿನಲ್ಲಿ ಹೆಚ್ಚು ಯೋಚನೆ ಮಾಡಬೇಕಾದದ್ದು ಪೈಲ್‌ಗಿಂತ ಮೊದಲು ನಡೆಯುವ ಕೆಲಸ, ಬೇಸ್‌ಮೆಂಟ್ ಅಗೆತ. ಒಂದು ಸಣ್ಣ ಲೆಕ್ಕ ಹಾಕೋಣ.

ಒಂದು ಘನ ಮೀಟರ್ ಮಣ್ಣು ಹೆಚ್ಚುಕಮ್ಮಿ 1.8 ಟನ್ ತೂಗುತ್ತದೆ. ಕಾಂಕ್ರೀಟ್ ಕಟ್ಟಡದ ಒಂದು ಮಹಡಿ ಚದರ ಮೀಟರ್‌ಗೆ ಒಂದು ಟನ್ನು, ಇಲ್ಲವೇ ಸ್ವಲ್ಪ ಜಾಸ್ತಿ. ಮೂರು ಬೇಸ್‌ಮೆಂಟ್‌ಗೆ 10 ಮೀಟರ್ ಅಗೆದರೆ ಚದರ ಮೀಟರ್‌ಗೆ 18 ಟನ್ ಭಾರ ಎದ್ದು ಹೋಯಿತು. ಅಂದರೆ ಹದಿನೈದು ಮಹಡಿಯ ಕಟ್ಟಡದಷ್ಟು! ಕಟ್ಟಡ ಎದ್ದು ಆ ಭಾರ ವಾಪಸು ಬರುವುದಕ್ಕೆ ವರ್ಷಗಳೇ ಬೇಕು. ಅಲ್ಲಿಯವರೆಗೆ ಕೆಳಗಿನ, ಪಕ್ಕದ ಸುರಂಗ ಏನು ಮಾಡುತ್ತದೆ?

ಮೇಲೇಳುತ್ತದೆ. ಸುರಂಗ ನಾವು ಅಂದುಕೊಂಡಷ್ಟು ಭಾರ ಇಲ್ಲ. ಒಂದು ಮೀಟರ್ ಉದ್ದದ ಮೆಟ್ರೊ ಸುರಂಗಕ್ಕಾಗಿ ಸುಮಾರು 30 ಘನ ಮೀಟರ್ ಮಣ್ಣು ತೆಗೆದಿರುತ್ತಾರೆ. ಅದರ ತೂಕ 50 ಟನ್‌ಗೂ ಜಾಸ್ತಿ. ಆ ಜಾಗದಲ್ಲಿ ಕೂರಿಸಿದ ಕಾಂಕ್ರೀಟ್ ರಿಂಗಿನ ತೂಕ 13 ಟನ್ ಆಸುಪಾಸು. ಅಂತರ್ಜಲದ ಮಟ್ಟದ ಕೆಳಗೆ ಇದ್ದರೆ ಅದು ಖಾಲಿ ಡ್ರಮ್ಮಿನಂತೆ ತೇಲಲು ನೋಡುತ್ತದೆ. ಹಿಡಿದಿಟ್ಟಿರುವುದು ಮೇಲಿನ ಮಣ್ಣು. ಆ ಮಣ್ಣನ್ನು ಎತ್ತಿಬಿಟ್ಟರೆ ಸುರಂಗ ಮೇಲಕ್ಕೂ, ಗುಂಡಿಯ ಕಡೆಗೂ ಸರಿಯುತ್ತದೆ.

ಇನ್ನೊಂದು ಮಾತು. ಆಳದ ಗುಂಡಿಯ ಪಕ್ಕದ ಗೋಡೆ ಬೀಳದಂತೆ ನಮ್ಮಲ್ಲಿ ಓರೆಯಾಗಿ ಉಕ್ಕಿನ ಸರಳು, ಆಂಕರ್ ಹೊಡೆಯುತ್ತಾರೆ. ಅವು ಸೈಟಿನ ಗಡಿ ದಾಟಿ ಹತ್ತಾರು ಮೀಟರ್ ರಸ್ತೆಯ ಕೆಳಗೆ ಹೋಗುತ್ತವೆ. ‘ನಮ್ಮ ಕೆಲಸ ನಮ್ಮ ಸೈಟಿನೊಳಗೆ’ ಎಂಬ ವಾದ ಅಲ್ಲಿಗೆ ಮುಗಿಯಿತು ಅಲ್ವಾ? ಬೋರ್‌ವೆಲ್ ಬಗ್ಗೆ ಹೇಳುವುದೇ ಬೇಡ. ನೂರಾರು ಅಡಿ ಇಳಿಯುವ ಆರಿಂಚಿನ ಕೊಳವೆಗೆ ಒಂದಡಿಯ ಕಾಂಕ್ರೀಟ್ ಯಾವ ಲೆಕ್ಕ. ಪೈಲಿಂಗ್ ರಿಗ್ ಬಂದರೆ ಇಡೀ ಬೀದಿಗೆ ಕಾಣುತ್ತದೆ. ಬೋರ್‌ವೆಲ್ ಲಾರಿ ರಾತ್ರೋರಾತ್ರಿ ಬಂದು ಹೋಗಿರುತ್ತದೆ.

ನಮ್ಮ ನೆಲ ಕಾಯುತ್ತದೆ, ಕೈಕೊಡುತ್ತದೆ

ಶಾಂಘೈ, ಬ್ಯಾಂಕಾಕ್ ನಿಂತಿರುವುದು ಮೆತ್ತನೆಯ ಜೇಡಿಮಣ್ಣಿನ ಮೇಲೆ. ಅಲ್ಲಿ ಸುರಂಗ ವರ್ಷಗಟ್ಟಲೆ ಕುಸಿಯುತ್ತಾ ಹೋಗುವ ಭಯ ಇದೆ. ಬೆಂಗಳೂರಿನ ತಳದಲ್ಲಿ ‘ನೈಸ್’ (gneiss) ಎಂಬ ಗಟ್ಟಿ ಶಿಲೆ ಇದೆ. ಲಾಲ್‌ಬಾಗ್ ಬಂಡೆ ನೋಡಿದವರಿಗೆ ಅದರ ಪರಿಚಯ ಬೇಕಿಲ್ಲ. ಪೈಲ್ ತುದಿಯನ್ನು ಆ ಬಂಡೆಯೊಳಗೆ ಕೂರಿಸಬಹುದು. ಹಾಗಾಗಿ ಕುಸಿತದ ಸಮಸ್ಯೆ ಅಷ್ಟರ ಮಟ್ಟಿಗೆ ಕಡಿಮೆ. ಇದು ನಮ್ಮ ಪುಣ್ಯ.

ಆದರೆ ಬಂಡೆಯ ಮೇಲ್ಮೈ ಸಮ ಇಲ್ಲ. ಒಂದು ಸೈಟಿನ ಈ ಮೂಲೆಯಲ್ಲಿ 5 ಮೀಟರ್‌ಗೆ ಬಂಡೆ ಸಿಕ್ಕರೆ ಆ ಮೂಲೆಯಲ್ಲಿ 20 ಮೀಟರ್ ಇಳಿದರೂ ಕೆಂಪು ಮಣ್ಣು, ಪುಡಿಗಲ್ಲು, ನಡುನಡುವೆ ಗುಂಡುಕಲ್ಲು. ಗುಂಡುಕಲ್ಲನ್ನೇ ಬಂಡೆ ಎಂದು ತಿಳಿದು ಪೈಲ್ ನಿಲ್ಲಿಸಿದರೆ ತುದಿ ಸುರಂಗದ ನೆತ್ತಿಯ ಮೇಲೇ ಉಳಿದಿರಬಹುದು. ಎರಡು ಬೋರ್ ತೆಗೆದು ‘ಮಣ್ಣು ಪರೀಕ್ಷೆ ಆಯ್ತು’ ಎನ್ನುವ ಅಭ್ಯಾಸ ಸುರಂಗದ ಪಕ್ಕ ನಡೆಯದು.

ಬಂಡೆ ಒಡೆಯುವುದು ಇನ್ನೊಂದು ತಲೆನೋವು. ಉಳಿ ಹಾಕಿ ಕುಟ್ಟಿದರೆ, ಸಿಡಿಮದ್ದು ಇಟ್ಟರೆ ಕಂಪನ ಬಂಡೆಯುದ್ದಕ್ಕೂ ಚೆನ್ನಾಗಿ ಹರಿಯುತ್ತದೆ. ಮೆತ್ತನೆ ಮಣ್ಣಿನ ಊರಿಗಿಲ್ಲದ ಚಿಂತೆ ಇದು.

ಎಷ್ಟಾದರೆ ಜಾಸ್ತಿ?

ಹಾಂಗ್‌ಕಾಂಗ್ ಹಳೆಯ ಅನುಭವಸ್ಥ ಊರು. ಅಲ್ಲಿ ರೈಲು ಸುರಂಗದ ಎರಡೂ ಬದಿ ಸುಮಾರು 30 ಮೀಟರ್ ಕಾವಲು ವಲಯ. ಸುರಂಗದಿಂದ 3 ಮೀಟರ್ ಒಳಗೆ ಪೈಲ್, ಬೋರ್ ಏನೂ ಬರುವಂತಿಲ್ಲ. ಹೊಸ ಕೆಲಸದಿಂದ ಸುರಂಗ 20 ಮಿಲಿಮೀಟರ್‌ಗಿಂತ ಹೆಚ್ಚು ಅಲುಗಬಾರದು. ಅದರ ಮೇಲೆ ಬೀಳುವ ಹೆಚ್ಚುವರಿ ಒತ್ತಡ ಚದರ ಮೀಟರ್‌ಗೆ ಸುಮಾರು 2 ಟನ್ ದಾಟಬಾರದು. ಸಿಂಗಪುರದಲ್ಲಿ ಇನ್ನೂ ಬಿಗಿ, 15 ಮಿಲಿಮೀಟರ್.

2 ಟನ್ ಎಂದರೆ ಹೆಚ್ಚುಕಮ್ಮಿ ಎರಡು ಮಹಡಿಯ ತೂಕ. ಹಾಗೆಂದು ಸುರಂಗದ ಮೇಲೆ ಎರಡೇ ಮಹಡಿ ಕಟ್ಟಬೇಕು ಎಂದಲ್ಲ. ಉಳಿದ ಭಾರವನ್ನು ಪೈಲ್ ಮೂಲಕ ಸುರಂಗದ ಕೆಳಗಿನ ಪದರಕ್ಕೆ ದಾಟಿಸಬೇಕು ಎಂದು. ಅಂದರೆ ಪೈಲ್ ಇಲ್ಲಿ ಬರೀ ತೊಂದರೆ ಕೊಡುವುದಲ್ಲ, ಸರಿಯಾಗಿ ಇಳಿಸಿದರೆ ಅದೇ ಪರಿಹಾರ. ಸುರಂಗದ ಎರಡೂ ಬದಿ ಆಳದ ಪೈಲ್ ಇಳಿಸಿ, ಮೇಲೆ ದಪ್ಪ ತೊಲೆ ಹಾಸಿ, ಸೇತುವೆಯಂತೆ ಅದರ ಮೇಲೆ ಕಟ್ಟಡ ನಿಲ್ಲಿಸುವುದು ಹಲವು ಊರುಗಳಲ್ಲಿ ನಡೆದಿರುವ ಕ್ರಮ.

ಖರ್ಚು ಯಾರ ತಲೆಗೆ?

ಎಂಜಿನಿಯರ್‌ಗಳ ನಡುವೆ ದೊಡ್ಡ ಜಗಳ ಇಲ್ಲ. ಜಗಳ ಇರುವುದು ದುಡ್ಡಿನದು.

ಮೆಟ್ರೊ ಪರ ವಾದ ಸರಳ. ದಿನಾ ಲಕ್ಷಗಟ್ಟಲೆ ಜನ ಓಡಾಡುವ ದಾರಿ ಇದು. ಆಮೇಲೆ ಕಟ್ಟಲು ಬಂದವರು ಅದಕ್ಕೆ ಹಾನಿಯಾಗದಂತೆ ಕಟ್ಟಬೇಕು. ಹೆಚ್ಚಿನ ಪರೀಕ್ಷೆ, ತೋಳು ತೊಡಿಸಿದ ಪೈಲ್, ಸುರಂಗದೊಳಗೆ ಅಳತೆ ಯಂತ್ರ, ಎಲ್ಲದರ ಖರ್ಚೂ ಅವರದ್ದೇ. ಪ್ರಪಂಚದ ಬಹುತೇಕ ಊರುಗಳಲ್ಲಿ ಇರುವುದೂ ಹೀಗೆಯೇ.

ಸೈಟಿನವರ ವಾದವೂ ಹಗುರವಲ್ಲ. ‘ಸೈಟು ಅಜ್ಜನ ಕಾಲದ್ದು. ಸುರಂಗ ಮೊನ್ನೆ ಬಂದದ್ದು. ನಮ್ಮ ಭೂಮಿ ಕೊಳ್ಳಲೂ ಇಲ್ಲ, ಪರಿಹಾರ ಕೊಡಲೂ ಇಲ್ಲ. ಈಗ ಕಟ್ಟಲು ಹೋದರೆ ದುಪ್ಪಟ್ಟು ಬುನಾದಿ ಖರ್ಚು ನಮ್ಮದು.’ ಸುರಂಗ ಅವರ ನೆಲದ ಒಂದಿಷ್ಟು ಸ್ವಾತಂತ್ರ್ಯವನ್ನು ಸದ್ದಿಲ್ಲದೆ ತೆಗೆದುಕೊಂಡಿದೆ ಎನ್ನುವುದು ನಿಜ. 1978ರ ಮೆಟ್ರೊ ರೈಲ್ವೆ ಕಾಮಗಾರಿ ಕಾಯ್ದೆಯಲ್ಲಿ ಜಾಗ ಪೂರ್ತಿ ಕೊಳ್ಳದೆ ಬಳಕೆಯ ಹಕ್ಕನ್ನಷ್ಟೇ ಪಡೆಯುವ ದಾರಿ ಇದೆ. ಆದರೆ ರಸ್ತೆಯ ಕೆಳಗಿನ ಸುರಂಗದ ಪಕ್ಕದವರ ಹತ್ತಿರ ಆ ಹಕ್ಕನ್ನೂ ಕೇಳುವ ಪ್ರಮೇಯ ಬರುವುದಿಲ್ಲ.

ಇದಕ್ಕೆ ಸರ್ಕಾರದ್ದೇ ಒಂದು ವಿರೋಧಾಭಾಸ ಸೇರಿಕೊಂಡಿದೆ. ಮೆಟ್ರೊ ಹತ್ತಿರ ಹೆಚ್ಚು ಜನ ವಾಸಿಸಲಿ, ಎತ್ತರದ ಕಟ್ಟಡ ಬರಲಿ ಎನ್ನುವುದು ಯೋಜನೆಯ ನೀತಿ. ಸುರಂಗದ ಹತ್ತಿರ ಭಾರ, ಅಗೆತ ಕಡಿಮೆ ಇರಲಿ ಎನ್ನುವುದು ಸುರಕ್ಷತೆಯ ನೀತಿ. ಎರಡೂ ಒಂದೇ ಜಾಗದ ಬಗ್ಗೆ! ಎಂ.ಜಿ. ರಸ್ತೆ, ಶಿವಾಜಿನಗರದಂಥ ಕಡೆ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ಕಾಲ ಬಂದಾಗ ಈ ಇಕ್ಕಟ್ಟು ಸೈಟು ಸೈಟಿಗೂ ಎದುರಾಗುತ್ತದೆ. ಜಾಸ್ತಿ ಮಹಡಿಗೆ ಶುಲ್ಕ ವಸೂಲಿ ಮಾಡುವ ಇಲಾಖೆ ಅದರಲ್ಲಿ ಒಂದು ಪಾಲನ್ನು ಸುರಂಗ ಕಾಯುವ ಖರ್ಚಿಗೆ ಎತ್ತಿಡುವುದು ನ್ಯಾಯ ಎಂದು ನನಗೆ ಅನ್ನಿಸುತ್ತದೆ. ಕಡೇ ಪಕ್ಷ ಸುರಂಗದ ದಾರಿ, ಆಳ, ಕಾವಲು ವಲಯ ಇವಿಷ್ಟನ್ನು ಸೈಟು ಕೊಳ್ಳುವವರ ಕಣ್ಣಿಗೆ ಬೀಳುವಂತೆ ಭೂದಾಖಲೆಯಲ್ಲೇ ಸೇರಿಸಬೇಕು. ಈಗ ಅದು ತಿಳಿಯುವುದು ಬಹುತೇಕ ಪ್ಲಾನ್ ಮಂಜೂರಿಗೆ ಹೋದಾಗ. ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ.

ಸುರಂಗ ರಸ್ತೆಗೆ ಬಂದರೆ

ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ಚರ್ಚೆಯಲ್ಲಿ ಲಾಲ್‌ಬಾಗ್, ಟೋಲ್, ಖರ್ಚು ಎಲ್ಲ ಬಂತು. ಸುಮಾರು 17 ಕಿಲೋಮೀಟರ್ ಉದ್ದಕ್ಕೂ ಮೇಲಿನ ಸೈಟುಗಳ ಮುಂದಿನ ಗತಿ ಏನು ಎನ್ನುವುದು ಅಷ್ಟಾಗಿ ಬರಲಿಲ್ಲ. ಕಾರು ಓಡುವ ಸುರಂಗ ಮೆಟ್ರೊಗಿಂತ ತುಂಬಾ ದಪ್ಪ. ವ್ಯಾಸ ಎರಡು ಪಟ್ಟಾದರೆ ತೆಗೆಯುವ ಮಣ್ಣು ನಾಲ್ಕು ಪಟ್ಟಾಗುತ್ತದೆ. ತೇಲುವ ಬಲವೂ ನಾಲ್ಕು ಪಟ್ಟು. ಅದು ಪಕ್ಕದ ಕೆಲಸಕ್ಕೆ ಸ್ಪಂದಿಸುವ ವಲಯವೂ ಅಗಲ. ಅಲ್ಲದೆ ಮೆಟ್ರೊ ಕಾಯ್ದೆಗಳು ರೈಲಿಗೆ ಮಾತ್ರ. ರಸ್ತೆ ಸುರಂಗದ ಪಕ್ಕ ಪೈಲ್ ಇಳಿಸುವವರನ್ನು ಯಾವ ನಿಯಮದಡಿ, ಎಷ್ಟು ಮೀಟರ್‌ವರೆಗೆ ಕೇಳಬಹುದು ಎನ್ನುವುದನ್ನು ಬೇರೆಯಾಗಿಯೇ ಬರೆಯಬೇಕಾಗುತ್ತದೆ.

ಈ ಯೋಜನೆಯ ನಕ್ಷೆ ಕೈಗೆ ಸಿಕ್ಕವರು ಮೊದಲು ನೋಡಬೇಕಾದದ್ದು ಸುರಂಗ ಆಳದಲ್ಲಿರುವ ಜಾಗವನ್ನಲ್ಲ. ರ‍್ಯಾಂಪ್‌ಗಳನ್ನು. ವಾಹನ ಸುರಂಗಕ್ಕೆ ಇಳಿಯುವ, ಹತ್ತುವ ಆ ಇಳಿಜಾರುಗಳಲ್ಲಿ ಸುರಂಗ ಬಂಡೆ ಬಿಟ್ಟು ಮೆತ್ತನೆ ಮಣ್ಣಿಗೆ ಏರುತ್ತದೆ, ನೆತ್ತಿಯ ಮೇಲಿನ ಮಣ್ಣು ತೆಳುವಾಗುತ್ತದೆ. ಸುತ್ತಲಿನ ಸಾಮಾನ್ಯ ಅಪಾರ್ಟ್‌ಮೆಂಟಿನ ಎರಡು ಬೇಸ್‌ಮೆಂಟ್ ಕೂಡ ಅದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ.